ಮೆಟ್ಟಿಲಿಲ್ಲದ ಹಲಗೆಯ ಮೇಲೆ

ಪಿಟೀಲು ಕಲಿಯುವ ಮಗುವಿರುವ ಮನೆಗೆ ನೆಂಟರು ಬಂದರೆ ಮೊದಲು ಕೇಳುವುದು ಒಂದೇ ಮಾತು: "ಎಲ್ಲೀ ತನಕ ಪಾಠ ಆಯ್ತು?" ತಾಯಿ ಉತ್ತರ ಕೊಡುತ್ತಾರೆ: "ಸರಳೆ ಮುಗೀತು, ಈಗ ಜಂಟಿ ನಡೀತಿದೆ." ಹುಣಸೂರಿನಲ್ಲಿ ಕೇಳಿದರೂ ಕೆ.ಆರ್. ನಗರದಲ್ಲಿ ಕೇಳಿದರೂ ಇದೇ ಉತ್ತರ. ಪಾಠದ ಹೆಸರೇ ಕಲಿಕೆಯ ಅಳತೆಗೋಲು. ಸರಳೆ, ಜಂಟಿ, ದಾಟು, ಅಲಂಕಾರ, ಗೀತೆ, ಸ್ವರಜತಿ, ವರ್ಣ, ಕೃತಿ ಎಂಬ ಈ ಏಣಿಯ ಮೊದಲ ಮೆಟ್ಟಿಲುಗಳನ್ನು ಪುರಂದರದಾಸರೇ ಕಟ್ಟಿಕೊಟ್ಟರೆಂದು ಪರಂಪರೆ ನಂಬಿದೆ. ಹಾಡುವ ಮಗುವಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಪಿಟೀಲಿನ ಮಗುವಿನ ಬಗ್ಗೆ ಮಾತ್ರ ಅದು ಅರ್ಧ ಸಂಗತಿಯನ್ನಷ್ಟೇ ಹೇಳುತ್ತದೆ. ಜಂಟಿ ವರಸೆಯನ್ನೇ ನುಡಿಸುತ್ತಿರುವ ಇಬ್ಬರು ಮಕ್ಕಳಲ್ಲಿ ಒಬ್ಬಳ ಕಮಾನು ತಂತಿಯನ್ನು ಹಿಡಿದು ಮಾತಾಡಿಸುತ್ತಿರಬಹುದು, ಇನ್ನೊಬ್ಬನದು ತಂತಿಯ ಮೇಲೆ ಬರೀ ಜಾರುತ್ತಿರಬಹುದು. ಪಾಠದ ಪುಸ್ತಕದಲ್ಲಿ ಇಬ್ಬರೂ ಒಂದೇ ಪುಟದಲ್ಲಿದ್ದಾರೆ.

ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಲ್ಲಿ ಈ ವ್ಯತ್ಯಾಸ ಇನ್ನೂ ಮುಖ್ಯ. ಮೈಸೂರಿನಿಂದ ಕೆ.ಆರ್. ನಗರ ಸುಮಾರು 40 ಕಿಲೋಮೀಟರ್, ಹುಣಸೂರು 45, ಎಚ್.ಡಿ. ಕೋಟೆ 50ರ ಆಸುಪಾಸು, ಪಿರಿಯಾಪಟ್ಟಣ ಅದಕ್ಕಿಂತಲೂ ದೂರ. ರೈಲು ಇರುವುದು ಕೆ.ಆರ್. ನಗರಕ್ಕೆ ಮಾತ್ರ, ಉಳಿದವರಿಗೆ ಬಸ್ಸೇ ಗತಿ. ಊರಲ್ಲೇ ಪಿಟೀಲಿನ ಗುರುಗಳು ಸಿಗದ ಮಗು ವಾರಕ್ಕೊಮ್ಮೆ ಮೈಸೂರಿಗೆ ಹೋಗಿ ಪಾಠ ಹೇಳಿಸಿಕೊಂಡು ಬರುತ್ತದೆ. ಉಳಿದ ಆರು ದಿನ ತಿದ್ದುವವರಿಲ್ಲ. ಅಂಥ ಮಗುವಿಗೆ ಬೇಕಾದದ್ದು ಮನೆಯಲ್ಲಿ, ತನ್ನ ಕಿವಿ ಕಣ್ಣುಗಳಿಂದಲೇ, ಸರಿಯೋ ತಪ್ಪೋ ಎಂದು ನೋಡಿಕೊಳ್ಳಬಹುದಾದ ಗುರುತುಗಳು. ಅಂಥ ಗುರುತುಗಳು ವಾದ್ಯದ ಒಳಗೇ ಇವೆ ಎನ್ನುವುದು ಸಂತೋಷದ ಸಂಗತಿ. ಅವುಗಳನ್ನು ಹುಡುಕಿಕೊಟ್ಟವರಲ್ಲಿ ಒಬ್ಬರು ನಮಗೆ ಚೆನ್ನಾಗಿ ಗೊತ್ತಿರುವ ಸಿ.ವಿ. ರಾಮನ್.

ಮೊದಲು ಕಮಾನಿನ ಮಾತು. ಹೊಸ ಕಮಾನನ್ನು ಅಂಗಡಿಯಿಂದ ತಂದು ತಂತಿಯ ಮೇಲೆ ಎಳೆದರೆ ಸದ್ದೇ ಬರುವುದಿಲ್ಲ. ಕೆಟ್ಟ ಮಾಲು ಕೊಟ್ಟರು ಎಂದು ಎಷ್ಟೋ ಅಪ್ಪಂದಿರು ಗಾಬರಿಯಾಗುತ್ತಾರೆ. ಕಮಾನಿಗೆ ರಾಳ ಉಜ್ಜಿದ ಮೇಲೆಯೇ ಅದಕ್ಕೆ ಜೀವ. ರಾಳ ಹತ್ತಿದ ಕುದುರೆಕೂದಲು ತಂತಿಯನ್ನು ಅಂಟಿಸಿಕೊಂಡು ತನ್ನ ಜೊತೆ ಸ್ವಲ್ಪ ದೂರ ಎಳೆದೊಯ್ಯುತ್ತದೆ. ಎಳೆತ ಹೆಚ್ಚಿದಾಗ ತಂತಿ ಬಿಡಿಸಿಕೊಂಡು ಸರಕ್ಕನೆ ಹಿಂದಕ್ಕೆ ಜಾರುತ್ತದೆ, ಮತ್ತೆ ಅಂಟಿಕೊಳ್ಳುತ್ತದೆ. ಮಧ್ಯ ಷಡ್ಜ ಸೆಕೆಂಡಿಗೆ 300 ಕಂಪನ ಎಂದಿಟ್ಟುಕೊಂಡರೆ, ಈ ಅಂಟುವುದು ಜಾರುವುದು ಸೆಕೆಂಡಿಗೆ 300 ಸಲ ನಡೆಯುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1860ರ ದಶಕದಲ್ಲಿ ಸೂಕ್ಷ್ಮದರ್ಶಕದಿಂದ ಇದನ್ನು ಬಿಡಿಸಿ ನೋಡಿದರು. ಕಣ್ಣಿಗೆ ಮಸುಕಾಗಿ ಉಬ್ಬಿದಂತೆ ಕಾಣುವ ತಂತಿ ನಿಜಕ್ಕೂ ಎರಡು ನೇರ ಗೆರೆಗಳಾಗಿ ಒಂದು ಮೂಲೆಯಲ್ಲಿ ಕೂಡಿರುತ್ತದೆ. ಆ ಮೂಲೆ ತಂತಿಯುದ್ದಕ್ಕೂ ಓಡುತ್ತಾ ಒಂದೊಂದು ಕಂಪನಕ್ಕೂ ಒಂದು ಸುತ್ತು ಹಾಕಿ ಬರುತ್ತದೆ. ಕಮಾನಿನ ಹತ್ತಿರ ಬಂದಾಗಲೆಲ್ಲ ತಂತಿಯನ್ನು ಬಿಡಿಸುವುದೂ ಮತ್ತೆ ಅಂಟಿಸುವುದೂ ಅದೇ.

ರಾಮನ್ ಕೋಲ್ಕತ್ತದಲ್ಲಿದ್ದಾಗ ಈ ಕಮಾನಿನ ತಂತಿಯ ಗಣಿತವನ್ನು ಕೈಗೆತ್ತಿಕೊಂಡರು. ಅವರ ತಂದೆ ಚಂದ್ರಶೇಖರ ಅಯ್ಯರ್ ಪಿಟೀಲು ನುಡಿಸುತ್ತಿದ್ದವರು, ಮನೆಯಲ್ಲಿ ಆ ವಾದ್ಯದ ಸದ್ದು ಕೇಳಿಯೇ ಮಗ ಬೆಳೆದದ್ದು. 1918ರಲ್ಲಿ ಅವರು ಪ್ರಕಟಿಸಿದ ಗ್ರಂಥ ಈ ವಿಷಯದಲ್ಲಿ ಇಂದಿಗೂ ಅಡಿಪಾಯ. ಎರಡು ವರ್ಷದ ಮೇಲೆ ಅವರು ಪಿಟೀಲು ನುಡಿಸುವ ಒಂದು ಯಂತ್ರವನ್ನೇ ಕಟ್ಟಿದರು. ಅದರಲ್ಲಿ ಕಮಾನು ನಿಂತಲ್ಲೇ ನಿಂತಿರುತ್ತಿತ್ತು, ಪಿಟೀಲು ಹಿಂದೆ ಮುಂದೆ ಚಲಿಸುತ್ತಿತ್ತು. ಮನುಷ್ಯನ ಕೈ ಎಷ್ಟೇ ಪಳಗಿದ್ದರೂ ಒತ್ತಡವನ್ನೂ ವೇಗವನ್ನೂ ಅಳೆದು ಕೊಡಲಾರದು, ಯಂತ್ರ ಕೊಡುತ್ತದೆ. ಕಮಾನು ಕುದುರೆಗೆ, ಅಂದರೆ ತಂತಿಗಳನ್ನು ಹೊತ್ತ ಮರದ ಸೇತುವೆಗೆ, ಹತ್ತಿರವಾದಷ್ಟೂ ಹೆಚ್ಚು ಒತ್ತಬೇಕು ಎಂಬುದನ್ನು ರಾಮನ್ ಅಳೆದು ತೋರಿಸಿದರು. 1973ರಲ್ಲಿ ಅಮೆರಿಕದ ಜಾನ್ ಶೆಲ್ಲೆಂಗ್ ಈ ಲೆಕ್ಕವನ್ನು ಮುಂದುವರಿಸಿದರು. ಕುದುರೆಯಿಂದ ಕಮಾನಿಗಿರುವ ದೂರ ಅರ್ಧವಾದರೆ, ತಂತಿ ಮಾತಾಡಲು ಬೇಕಾದ ಕನಿಷ್ಠ ಒತ್ತಡ ನಾಲ್ಕು ಪಟ್ಟಾಗುತ್ತದೆ. ತಂತಿ ಸಹಿಸಬಲ್ಲ ಗರಿಷ್ಠ ಒತ್ತಡ ಎರಡೇ ಪಟ್ಟಾಗುತ್ತದೆ. ಅಂದರೆ ಕುದುರೆಯ ಹತ್ತಿರ ಹೋದಷ್ಟೂ ಕೈತಪ್ಪಿಗೆ ಇರುವ ಅವಕಾಶ ಕಿರಿದಾಗುತ್ತದೆ.

ಹೊಸದಾಗಿ ಕಲಿಯುವ ಮಗುವಿನ ಮೊದಲ ಗುರುತು ಇದರಲ್ಲೇ ಇದೆ. ಬೆರಳೊತ್ತದ ತಂತಿಯ ಮೇಲೆ, ಕುದುರೆಗೂ ಬೆರಳುಹಲಗೆಯ ಅಂಚಿಗೂ ನಡುವೆ, ಕಮಾನು ಒಂದೇ ದಾರಿಯಲ್ಲಿ ಬುಡದಿಂದ ತುದಿಯವರೆಗೆ ಹೋಗಿ ಬರಬೇಕು. ದಾರಿ ತಪ್ಪಿದ್ದನ್ನು ರಾಳದ ಪುಡಿಯೇ ಹೇಳುತ್ತದೆ. ಅರ್ಧ ಗಂಟೆ ಅಭ್ಯಾಸದ ಮೇಲೆ ವಾದ್ಯವನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಪುಡಿ ತಂತಿಯ ಕೆಳಗೆ ಒಂದು ಕಿರಿದಾದ ಪಟ್ಟಿಯಲ್ಲಿ ಬಿದ್ದಿದ್ದರೆ ಕಮಾನು ನೇರವಾಗಿತ್ತು. ಬೆರಳುಹಲಗೆಯ ಮೇಲೆಲ್ಲ ಚೆಲ್ಲಿದ್ದರೆ ಮೊಣಕೈ ಹಿಂದಕ್ಕೆ ಹೋಗುತ್ತಿದೆ ಎಂದರ್ಥ. ಇದನ್ನು ಕಂಡುಹಿಡಿಯಲು ಸಂಗೀತ ಬಾರದ ಅಪ್ಪ ಅಮ್ಮನಿಗೂ ಆಗುತ್ತದೆ. ನೋಡಿಯಾದ ಮೇಲೆ ಒಣ ಬಟ್ಟೆಯಿಂದ ಒರೆಸಿಡಬೇಕು, ಇಲ್ಲದಿದ್ದರೆ ಪುಡಿ ಮೆರುಗಿಗೆ ಅಂಟಿಕೊಳ್ಳುತ್ತದೆ.

ಎರಡನೆಯ ಗುರುತು ಕಿವಿಯದು. ಕಮಾನು ಹೊರಟ ಕ್ಷಣದಲ್ಲಿ ತಂತಿ ಒಡನೆಯೇ ಹೆಲ್ಮ್‌ಹೋಲ್ಟ್ಸ್ ಕಂಡ ಚಲನೆಗೆ ಬೀಳುವುದಿಲ್ಲ, ತುಸು ತಡವರಿಸುತ್ತದೆ. ಒತ್ತಡ ಹೆಚ್ಚಾದರೆ ಕರ್ರೆನ್ನುತ್ತದೆ, ಕಡಿಮೆಯಾದರೆ ಶಿಳ್ಳೆಯಂತೆ ತೇಲುತ್ತದೆ. ಈ ತಡವರಿಕೆಯನ್ನು ಪಳಗಿದ ಕಿವಿ ಎಷ್ಟು ಹೊತ್ತು ಸಹಿಸುತ್ತದೆ ಎಂದು ನಾರ್ವೆಯ ಕ್ನುಟ್ ಗೆಟ್ಲರ್ ಮತ್ತು ಸ್ವೀಡನ್ನಿನ ಆಂಡರ್ಸ್ ಆಸ್ಕೆನ್‌ಫೆಲ್ಟ್ 1997ರಲ್ಲಿ ಪರೀಕ್ಷಿಸಿದರು. ಕರ್ರೆನ್ನುವ ಸದ್ದಿಗೆ ಸುಮಾರು 50 ಮಿಲಿಸೆಕೆಂಡು, ತೇಲುವ ಸದ್ದಿಗೆ ಸುಮಾರು 90. ನಮ್ಮ 300 ಕಂಪನದ ಷಡ್ಜದಲ್ಲಿ 50 ಮಿಲಿಸೆಕೆಂಡು ಅಂದರೆ ಹದಿನೈದೇ ಕಂಪನ. ಅಷ್ಟರೊಳಗೆ ಏಳು ವರ್ಷದ ಕೈ ತಂತಿಯನ್ನು ದಾರಿಗೆ ತರಬೇಕು. ಜಂಟಿ ವರಸೆಯಲ್ಲಿ ಪ್ರತಿ ಸ್ವರ ಎರಡೆರಡು ಸಲ ಬರುತ್ತದಲ್ಲ, ಅಲ್ಲಿ ಎರಡನೆಯ ಸ್ವರದ ಆರಂಭ ಸ್ವಚ್ಛವಾಗಿ ಕೇಳಿಸಿದರೆ ಈ ಗುರುತು ದಾಟಿದಂತೆ. ಮೂರು ಕಾಲಗಳಲ್ಲಿ ಓಡಿಸಿ ಮುಗಿಸಿದೆ ಎನ್ನುವುದಕ್ಕಿಂತ ಇದು ದೊಡ್ಡ ಸಾಧನೆ ಎಂದೇ ನನ್ನ ಎಣಿಕೆ.

ಇದಕ್ಕೆಲ್ಲ ಎಷ್ಟು ಕಾಲ ಬೇಕು? ಮಿನೆಸೋಟದ ಯುರ್ಗೆನ್ ಕೊಂಚಾಕ್ ಮತ್ತು ಸಂಗಡಿಗರು ಮಕ್ಕಳಿಂದ ಹಿಡಿದು ನುರಿತ ವಾದಕರವರೆಗೆ ಹಲವರ ತೋಳಿನ ಚಲನೆಯನ್ನು ಅಳೆದು 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಳಗಿದಂತೆಲ್ಲ ತೋಳು ಸಡಿಲಗೊಂಡು ಹೆಚ್ಚು ಹೆಚ್ಚು ಆಡುತ್ತದೆ ಎಂದು ಎಲ್ಲರೂ ಎಣಿಸಿದ್ದರು. ಕಂಡದ್ದು ಬೇರೆ. ನುರಿತವರು ಭುಜದ ಹಿಂದುಮುಂದಿನ ಓಲಾಟವನ್ನು ಅಡಗಿಸಿ, ಕೆಲಸವನ್ನೆಲ್ಲ ಮೊಣಕೈಗೆ ಬಿಟ್ಟಿದ್ದರು. ಆ ಹದ ಬರಲು ಸುಮಾರು 700 ಗಂಟೆಯ ಅಭ್ಯಾಸ ಬೇಕೆಂದು ಅವರ ಅಂದಾಜು. ದಿನಕ್ಕೆ ಅರ್ಧ ಗಂಟೆಯಂತೆ ಇದು 1,400 ದಿನ, ಹೆಚ್ಚು ಕಡಿಮೆ ನಾಲ್ಕು ವರ್ಷ. "ಮೇಷ್ಟ್ರೇ, ಹುಡುಗಿ ಯಾವಾಗ ಕೀರ್ತನೆ ನುಡಿಸ್ತಾಳೆ?" ಎಂದು ಆರನೇ ತಿಂಗಳಿಗೇ ಕೇಳುವ ತಂದೆ ತಾಯಿಗಳು ಈ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಬೇಕು. ಮಗು ಹಿಂದೆ ಬಿದ್ದಿಲ್ಲ. ತೋಳು ಕಲಿಯಲು ಅಷ್ಟು ಕಾಲ ಹಿಡಿಯುತ್ತದೆ, ಅಷ್ಟೆ.

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಮನೆಗಳಲ್ಲಿ ಬ್ಯಾರನ್, ಅಂದರೆ ಸೊಪ್ಪು ಒಣಗಿಸುವ ಬಿಸಿಕೋಣೆ, ಉರಿಯುವ ತಿಂಗಳು ಬಂತೆಂದರೆ ಮನೆಮಂದಿ ಸರದಿಯ ಮೇಲೆ ರಾತ್ರಿ ಎದ್ದಿರುತ್ತಾರೆ. ಆಗ ದಿನದ ಅರ್ಧ ಗಂಟೆ ಕೂಡ ಸಿಗುವುದು ಕಷ್ಟ. ಹತ್ತು ನಿಮಿಷ ಸಿಕ್ಕರೂ ಸಾಕು, ಅಷ್ಟು ಹೊತ್ತು ಹೊಸ ಪಾಠ ಬೇಡ, ಬೆರಳೊತ್ತದ ತಂತಿಯ ಮೇಲೆ ಕಮಾನು ಮಾತ್ರ ಎಳೆಯಲಿ. ಇನ್ನೊಂದು ಎಚ್ಚರಿಕೆ: ಪಿಟೀಲಿನ ಹಲಗೆಗಳನ್ನು ಅಂಟಿಸಿರುವುದು ಸಾಮಾನ್ಯವಾಗಿ ಪ್ರಾಣಿಜನ್ಯ ಸರೇಸಿನಿಂದ, ಅದು ಬಿಸಿಗೂ ತೇವಕ್ಕೂ ಸಡಿಲವಾಗುತ್ತದೆ. ಬ್ಯಾರನ್ನಿಗೆ ಹೊಂದಿಕೊಂಡ ಕೋಣೆಯಲ್ಲಾಗಲಿ ತಗಡಿನ ಸೂರಿಗೆ ಹತ್ತಿರದ ಅಟ್ಟದಲ್ಲಾಗಲಿ ವಾದ್ಯ ಇಡಬಾರದು.

ಇನ್ನು ಎಡಗೈ. ವೀಣೆಗೆ 24 ಮೆಟ್ಟಿಲುಗಳಿವೆ, ಎರಡು ಮೆಟ್ಟಿಲ ನಡುವೆ ಬೆರಳು ಸ್ವಲ್ಪ ಅತ್ತಿತ್ತ ಆದರೂ ಸ್ವರ ಕೆಡುವುದಿಲ್ಲ. ಪಿಟೀಲಿನ ಹಲಗೆ ನುಣುಪು. ಈ ನುಣುಪಿಗಾಗಿಯೇ ನಮ್ಮವರು ಅದನ್ನು ಒಲಿಸಿಕೊಂಡದ್ದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲಸ್ವಾಮಿ ದೀಕ್ಷಿತರು ಐರೋಪ್ಯರಿಂದ ಈ ವಾದ್ಯ ಕಲಿತು ಕರ್ನಾಟಕ ಸಂಗೀತಕ್ಕೆ ತಂದಾಗ, ಗಂಟಲಿನಿಂದ ಹೊರಡುವ ಗಮಕವೆಲ್ಲ ಅದರ ಮೇಲೆ ಜಾರಿ ಬರಬಲ್ಲದು ಎಂಬುದು ಅವರಿಗೆ ತಿಳಿಯಿತು. ದೊಡ್ಡವರಿಗೆ ಗಮಕ ಕೊಡುವ ಈ ನುಣುಪೇ ಚಿಕ್ಕವರಿಗೆ ದಾರಿ ತಪ್ಪಿಸುತ್ತದೆ.

ಎಷ್ಟು ತಪ್ಪಿಸುತ್ತದೆ ಎನ್ನುವುದನ್ನು ಲೆಕ್ಕ ಹಾಕಬಹುದು. ಪೂರ್ಣ ಗಾತ್ರದ ಪಿಟೀಲಿನಲ್ಲಿ ನುಡಿಯುವ ತಂತಿಯ ಉದ್ದ ಸುಮಾರು 328 ಮಿಲಿಮೀಟರ್. ಸಂಗೀತದಲ್ಲಿ ಒಂದು ಅರ್ಧಸ್ವರದ ಅಂತರವನ್ನು ನೂರು ಪಾಲು ಮಾಡಿ ಒಂದೊಂದು ಪಾಲನ್ನು ಸೆಂಟ್ ಎನ್ನುತ್ತಾರೆ. ತಂತಿಯ ಮೇಲ್ತುದಿಯ ಹತ್ತಿರ ಬೆರಳು ಒಂದು ಮಿಲಿಮೀಟರ್ ಸರಿದರೆ ಸ್ವರ ಸುಮಾರು 5 ಸೆಂಟ್ ಬದಲಾಗುತ್ತದೆ. ಅಷ್ಟು ವ್ಯತ್ಯಾಸವನ್ನು ಪಳಗಿದ ಕಿವಿ ಹಿಡಿದೇ ಹಿಡಿಯುತ್ತದೆ. ಆರೇಳು ವರ್ಷದ ಮಗುವಿಗೆ ಕೊಡುವ ಕಾಲು ಗಾತ್ರದ ಪಿಟೀಲಿನಲ್ಲಿ ತಂತಿ 26 ಸೆಂಟಿಮೀಟರಿನಷ್ಟೇ ಇರುತ್ತದೆ. ಅಲ್ಲಿ ಅದೇ ಒಂದು ಮಿಲಿಮೀಟರ್ ತಪ್ಪಿಗೆ ಸ್ವರ ಸುಮಾರು 7 ಸೆಂಟ್ ಸರಿಯುತ್ತದೆ. ಚಿಕ್ಕ ಕೈಗೆ ಚಿಕ್ಕ ವಾದ್ಯ ಕೊಟ್ಟು ನಾವು ಕೆಲಸವನ್ನು ಹಗುರ ಮಾಡಿದೆವೆಂದುಕೊಳ್ಳುತ್ತೇವೆ. ಕೈ ಚಾಚುವುದು ಹಗುರವಾಗುತ್ತದೆ ನಿಜ, ಬೆರಳಿನ ಗುರಿ ಮಾತ್ರ ಇನ್ನಷ್ಟು ಕಿರಿದಾಗುತ್ತದೆ.

ಮಾಯಾಮಾಳವಗೌಳ ರಾಗದ ಸರಳೆಯನ್ನು ಇದೇ ಕಣ್ಣಿನಿಂದ ನೋಡೋಣ. ನಮ್ಮ ಶ್ರುತಿಕ್ರಮದಲ್ಲಿ ಎರಡನೆಯ ತಂತಿ ಮಧ್ಯ ಷಡ್ಜ, ಮೊದಲನೆಯ ತಂತಿ ಪಂಚಮ. ಸ ಎಂಬುದು ಬರೀ ತಂತಿ. ರಿ ತೋರುಬೆರಳಿಗೆ, ಗ ನಡುಬೆರಳಿಗೆ, ಮ ಉಂಗುರ ಬೆರಳಿಗೆ. ಮತ್ತೆ ಪ ಬರೀ ತಂತಿ, ದ ನಿ ಸ ಅದೇ ಮೂರು ಬೆರಳಿಗೆ. ಪೂರ್ಣ ಗಾತ್ರದ ವಾದ್ಯದಲ್ಲಿ ತಂತಿಯ ತುದಿಯಿಂದ ರಿ ಸುಮಾರು 21 ಮಿಲಿಮೀಟರ್ ದೂರ, ಗ 66, ಮ 82. ದ, ನಿ, ಸಗಳಿಗೂ ಅವೇ ದೂರಗಳು. ಒಂದು ತಂತಿಯಲ್ಲಿ ಕಲಿತ ಕೈಗಾತ್ರ ಇನ್ನೊಂದರಲ್ಲಿ ಹಾಗೆಯೇ ಕೂರುತ್ತದೆ, ಒಂದೇ ಪಾಠ ಎರಡು ಸಲ. ಪಿಟೀಲಿಗೆ ಈ ರಾಗದ ದೊಡ್ಡ ಉಪಕಾರ ಇದು.

ಕಷ್ಟವೂ ಇದರಲ್ಲೇ ಇದೆ. ರಿ ಮತ್ತು ಗ ನಡುವಿನ ಅಂತರ 45 ಮಿಲಿಮೀಟರ್, ಗ ಮತ್ತು ಮ ನಡುವೆ 16 ಮಾತ್ರ. ತೋರುಬೆರಳು ನಡುಬೆರಳುಗಳು ಕಾಲು ಚಾಚಿದಂತೆ ಅಗಲವಾಗಬೇಕು, ಪಕ್ಕದ ಬೆರಳು ಅಂಟಿಕೊಂಡೇ ಇರಬೇಕು. ಮಗು ಸಹಜವಾಗಿ ಮೂರನ್ನೂ ಸಮಾನ ದೂರದಲ್ಲಿಡುತ್ತದೆ. ಆಗ ರಿ ಮೇಲಕ್ಕೆ ಹೋಗುತ್ತದೆ, ಗ ಕೆಳಕ್ಕೆ ಕುಸಿಯುತ್ತದೆ. ಶಂಕರಾಭರಣದಲ್ಲಾದರೆ ಅಂತರಗಳು 36, 29, 16. ಬೆರಳುಗಳು ನೆಮ್ಮದಿಯಿಂದ ಕೂರುತ್ತವೆ. ಜಪಾನಿನ ಶಿನಿಚಿ ಸುಜುಕಿ ಕಟ್ಟಿದ ಕ್ರಮದಲ್ಲೂ ಪಾಶ್ಚಾತ್ಯ ಶಾಲೆಗಳಲ್ಲೂ ಮಕ್ಕಳು ಆರಂಭಿಸುವುದು ಸಾಮಾನ್ಯವಾಗಿ ಇಂಥ ಬೆರಳುಕ್ರಮದಿಂದಲೇ. ನಮ್ಮ ಸರಳೆಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಕಾಲು ಗಾತ್ರದ ವಾದ್ಯ ಹಿಡಿದ ಮಗುವಿಗೆ ಮೊದಲ ಕೆಲವು ವಾರ ಶಂಕರಾಭರಣದಲ್ಲಿ ಬೆರಳು ಕೂರಿಸಿ, ಆಮೇಲೆ ಮಾಯಾಮಾಳವಗೌಳಕ್ಕೆ ತಂದರೆ ಪರಂಪರೆಗೆ ಏನೂ ಕುಂದಿಲ್ಲ. ಹಾಗೆ ಬಂದ ಮಗು ರಿಯಿಂದ ಗಕ್ಕೆ ತಡಕಾಡದೆ ಹೋಗುವುದನ್ನು ಒಂದು ಬೇರೆಯೇ ಗುರುತಾಗಿ ಎಣಿಸಬೇಕು.

ಬೆರಳು ಸರಿಯಾದ ಜಾಗಕ್ಕೆ ಬಿತ್ತೇ ಎಂದು ತಿಳಿಯಲು ಒಂದು ಚೂರು ಕಾಗದ ಸಾಕು. ಪಿಟೀಲನ್ನು ಚಾಪೆಯ ಮೇಲೆ ಮಟ್ಟಸವಾಗಿ ಮಲಗಿಸಿ, ಅಮ್ಮ ಅದನ್ನು ಅಲುಗದಂತೆ ಹಿಡಿದುಕೊಳ್ಳಲಿ. ಬೆರಳುಗುರಿನಷ್ಟು ಕಾಗದವನ್ನು ನಡುವೆ ಮಡಿಸಿ, ಎರಡನೆಯ ತಂತಿಯ ನಡುಭಾಗದಲ್ಲಿ ಸವಾರಿ ಕೂರಿಸಿ. ಮಗು ಮೂರನೆಯ ತಂತಿಯಲ್ಲಿ, ಅಂದರೆ ಮಂದ್ರ ಪಂಚಮದ ತಂತಿಯಲ್ಲಿ, ಉಂಗುರ ಬೆರಳು ಒತ್ತಿ ಕಮಾನು ಎಳೆಯಲಿ. ಆ ಜಾಗದಲ್ಲಿ ಬರುವುದು ಮಧ್ಯ ಷಡ್ಜ, ಪಕ್ಕದ ತಂತಿಯದೇ ಸ್ವರ. ಬೆರಳು ಸರಿಯಾಗಿ ಬಿದ್ದರೆ ಯಾರೂ ಮುಟ್ಟದ ಎರಡನೆಯ ತಂತಿ ತಾನಾಗಿ ಮಿಡಿಯುತ್ತದೆ, ಕಾಗದ ಕುಣಿದು ಕೆಳಗೆ ಬೀಳುತ್ತದೆ. ಎರಡು ಮಿಲಿಮೀಟರ್ ತಪ್ಪಿದರೆ ಹೆಚ್ಚಾಗಿ ಸುಮ್ಮನಿರುತ್ತದೆ. ಮಕ್ಕಳು ಇದನ್ನು ಆಟದಂತೆ ಮತ್ತೆ ಮತ್ತೆ ಮಾಡುತ್ತಾರೆ. ಆಮೇಲೆ ಕಾಗದ ತೆಗೆದು ಎಂದಿನಂತೆ ಕುಳಿತು ನುಡಿಸಿದಾಗಲೂ ಪಕ್ಕದ ತಂತಿಯ ಅನುರಣನ ಕಿವಿಗೆ ಸಿಗತೊಡಗುತ್ತದೆ. ಸ್ವರ ತುಂಬಿಕೊಂಡು ಮೊಳಗುತ್ತದೆ, ತಪ್ಪಿದಾಗ ಒಣಗಿದಂತಾಗುತ್ತದೆ. ಆ ವ್ಯತ್ಯಾಸ ಕೇಳಿಸಿದ ದಿನ ಬೆರಳುಹಲಗೆಗೆ ಅಂಟಿಸಿದ ಬಣ್ಣದ ಟೇಪನ್ನು ಕಿತ್ತುಹಾಕಬಹುದು. ಟೇಪು ಕಣ್ಣಿಗೆ ದಾರಿ ತೋರಿಸುತ್ತದೆ, ಕಿವಿಯನ್ನು ಸೋಮಾರಿ ಮಾಡುತ್ತದೆ. ವರ್ಷಗಟ್ಟಲೆ ಅದನ್ನು ಉಳಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಕಿವಿಯ ವಿಷಯಕ್ಕೆ ಬಂದರೆ ಈ ಸೀಮೆಯ ಮಕ್ಕಳು ಬಡವರಲ್ಲ. ಕೆ.ಆರ್. ನಗರದ ಕಡೆ ಕಾವೇರಿ ದಂಡೆಯ ಕಪ್ಪಡಿಯಲ್ಲಿ ರಾಚಪ್ಪಾಜಿಯ ಗದ್ದುಗೆಯಿದೆ. ಶಿವರಾತ್ರಿಯ ಕಾಲದ ಜಾತ್ರೆಗೆ ಹೋದವರು ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕಥೆ ಹಾಡುವ ನೀಲಗಾರರ ತಂಬೂರಿಯನ್ನು ಕೇಳಿಯೇ ಇರುತ್ತಾರೆ. ರಾತ್ರಿಯುದ್ದಕ್ಕೂ ಬಿಡದೆ ಮಿಡಿಯುವ ಆ ತಂತಿಯ ಆಧಾರದ ಮೇಲೆ ಹಾಡು ಹೊರಟು ಮತ್ತೆ ಅಲ್ಲಿಗೇ ಬಂದು ನಿಲ್ಲುವುದನ್ನು ಕೇಳುತ್ತ ಬೆಳೆದ ಮಗುವಿಗೆ ಷಡ್ಜ ಎಂದರೇನೆಂದು ಬಾಯಲ್ಲಿ ಹೇಳಿಕೊಡಬೇಕಾಗಿಲ್ಲ. ಪಾಠದ ಮನೆಯಲ್ಲಿ ಶ್ರುತಿಪೆಟ್ಟಿಗೆ ಹಾಕಿ "ಇದೇ ಸ" ಎಂದರೆ ಸಾಕು.

ಕೆ.ಆರ್. ನಗರ ಹಾಯ್ದು ಬರುವ ಕಾವೇರಿಯೂ ಎಚ್.ಡಿ. ಕೋಟೆಯಿಂದ ಇಳಿದು ಬರುವ ಕಬಿನಿಯೂ ಕೂಡುವ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದವರು ಪಿಟೀಲು ಚೌಡಯ್ಯ. ಅವರ ಗುರು ಮೈಸೂರಿನ ಬಿಡಾರಂ ಕೃಷ್ಣಪ್ಪನವರು ಹೆಸರಾಂತ ಗಾಯಕರು. ನಾಡಿನ ಬಹುದೊಡ್ಡ ಪಿಟೀಲು ವಾದಕರೊಬ್ಬರು ಗಾಯಕರ ಬಳಿ ಪಳಗಿದರು ಎನ್ನುವುದನ್ನು ಎಳೆಯರ ಪಾಠ ಯೋಚಿಸುವವರು ನೆನಪಿಡಬೇಕು. ಬೆರಳು ಎಲ್ಲಿಗೆ ಹೋಗಬೇಕೆಂದು ಮೊದಲು ಗಂಟಲು ತೀರ್ಮಾನಿಸಿರಬೇಕು. ಧ್ವನಿವರ್ಧಕ ಇಲ್ಲದ ದಿನಗಳಲ್ಲಿ ಸಭೆಯ ಕೊನೆಯ ಸಾಲಿಗೂ ಕೇಳಿಸಲೆಂದು ಚೌಡಯ್ಯನವರು ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಒಂದೇ ಬೆರಳು ಜೋಡಿ ತಂತಿಗಳನ್ನು ಒಟ್ಟಿಗೆ ಒತ್ತಬೇಕು, ಎರಡೂ ಶ್ರುತಿ ಬಿಡಬಾರದು. ಒಂದು ಮಿಲಿಮೀಟರಿನ ಮಾತು ಅವರ ಕೈಗೆ ಎಷ್ಟು ಒಗ್ಗಿರಬೇಕು! ಮಕ್ಕಳ ಅಭ್ಯಾಸಕ್ಕೆ ಇದರಿಂದ ಸಿಗುವ ನಿಯಮ ಸರಳ: ಯಾವ ವರಸೆಯನ್ನೂ ಹಾಡದೆ ನುಡಿಸಬಾರದು. ಹಾಡಲು ಬಂದದ್ದು ಬೆರಳಿಗೆ ಬಾರದಿದ್ದರೆ ಅದು ಕೈಯ ತೊಡಕು, ಅಭ್ಯಾಸದಿಂದ ಹೋಗುತ್ತದೆ. ಹಾಡಲೇ ಬಾರದಿದ್ದರೆ ಕೈಯನ್ನು ತಿದ್ದಿ ಫಲವಿಲ್ಲ.

"ನಮ್ಮ ಮಗುವಿಗೆ ಆಗಲೇ ಹತ್ತು ತುಂಬಿತು, ತಡವಾಯಿತೇನೋ" ಎಂಬ ಅಳುಕು ಹಳ್ಳಿಯ ಮನೆಗಳಲ್ಲಿ ಹೆಚ್ಚು. ಜರ್ಮನಿಯಲ್ಲಿ ಥಾಮಸ್ ಎಲ್ಬರ್ಟ್ ಮತ್ತು ಸಂಗಡಿಗರು 1995ರಲ್ಲಿ ಒಂಬತ್ತು ತಂತಿವಾದಕರ ಮಿದುಳನ್ನು, ವಾದ್ಯ ನುಡಿಸದ ಆರು ಮಂದಿಯ ಮಿದುಳಿನೊಂದಿಗೆ ಹೋಲಿಸಿದರು. ಎಡಗೈ ಬೆರಳುಗಳ ಸ್ಪರ್ಶಕ್ಕೆ ಓಗೊಡುವ ಜಾಗ ವಾದಕರ ಮಿದುಳಿನಲ್ಲಿ ಹಿಗ್ಗಿತ್ತು. ಕಿರುಬೆರಳಿನದು ಎದ್ದು ಕಾಣುವಷ್ಟು, ಹೆಬ್ಬೆರಳಿನದು ಕಡಿಮೆ. ಎಷ್ಟು ಬೇಗ ಕಲಿಯತೊಡಗಿದ್ದರೋ ಹಿಗ್ಗು ಅಷ್ಟು ಹೆಚ್ಚು. ಕಲಿಕೆ ಮಿದುಳಿನಲ್ಲಿ ಗುರುತು ಬಿಡುತ್ತದೆ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. ಅಲ್ಲಿ ಅಳೆದದ್ದು ಬೆರಳ ಸ್ಪರ್ಶದ ನಕ್ಷೆಯನ್ನು, ಸಂಗೀತವನ್ನಲ್ಲ, ಅದೂ ಒಂಬತ್ತೇ ಜನರಲ್ಲಿ. ಹತ್ತರಲ್ಲಿ ಕಮಾನು ಹಿಡಿದ ಮಗುವಿಗೆ ಬಾಗಿಲು ಮುಚ್ಚಿತೆಂದು ಅದರಿಂದ ಹೇಳಲಾಗದು. ಆ ವಯಸ್ಸಿನ ತೋಳು ಉದ್ದವಾಗಿರುತ್ತದೆ, ಹೇಳಿದ್ದನ್ನು ಮನಸ್ಸಿಟ್ಟು ಕೇಳುವ ತಾಳ್ಮೆಯೂ ಬಂದಿರುತ್ತದೆ.

ಗಮಕದ ಬಗ್ಗೆ ಒಂದೇ ಮಾತು. ಬಲಪಾದದ ಮೇಲೆ ವಾದ್ಯದ ತುದಿ ಊರಿ ಕೂರುವ ನಮ್ಮ ಭಂಗಿಯಲ್ಲಿ ಎಡಗೈಗೆ ಪಿಟೀಲು ಹೊರುವ ಕೆಲಸವಿಲ್ಲ, ಆದ್ದರಿಂದಲೇ ಅದು ಮೇಲೆ ಕೆಳಗೆ ಸಲೀಸಾಗಿ ಜಾರುತ್ತದೆ. ಆ ಸಲೀಸು ನೋಡಿ ಮಕ್ಕಳು ಮೊದಲ ವರ್ಷವೇ ಎಲ್ಲ ಸ್ವರವನ್ನೂ ಅಲುಗಿಸತೊಡಗುತ್ತಾರೆ. ಜಾರಿ ಹೋದ ಬೆರಳು ಹೊರಟ ಜಾಗಕ್ಕೇ ಮರಳುತ್ತದೆಯೇ ಎಂದು ಕಾಗದದ ಪರೀಕ್ಷೆ ಮಾಡಿ ನೋಡಿ. ಮರಳುವ ತನಕ ಗಮಕ ಬೇಡ.

ಕಡೆಯ ಗುರುತನ್ನು ಯಾವ ಪರೀಕ್ಷೆಯ ಪಠ್ಯವೂ ಸರಿಯಾಗಿ ಗೌರವಿಸುವುದಿಲ್ಲ: ತನ್ನ ವಾದ್ಯಕ್ಕೆ ತಾನೇ ಶ್ರುತಿ ಕೂಡಿಸುವುದು. ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಆಷಾಢದ ಮಳೆಯಲ್ಲಿ ಮರದ ಬಿರಡೆಗಳು ನೀರುಂಡು ಊದಿ ಬಿಗಿಯಾಗುತ್ತವೆ, ಬೇಸಿಗೆಯಲ್ಲಿ ಒಣಗಿ ಜಾರುತ್ತವೆ. ಭಾನುವಾರ ಗುರುಗಳು ಕೂಡಿಸಿಕೊಟ್ಟ ಶ್ರುತಿ ಮಂಗಳವಾರಕ್ಕೆ ಇರುವುದಿಲ್ಲ. ತಪ್ಪಿದ ಶ್ರುತಿಯ ಮೇಲೆ ಮಗು ವಾರವೆಲ್ಲ ಸಾಧನೆ ಮಾಡಿದರೆ ತಪ್ಪೇ ಕೈಗೆ ಹತ್ತುತ್ತದೆ. ಇದಕ್ಕೂ ತಂತಿಯೇ ನೆರವಾಗುತ್ತದೆ. ಸ 300 ಕಂಪನವಿದ್ದಾಗ ಪ 450 ಇರಬೇಕು. ಪ್ರತಿ ತಂತಿಯೂ ತನ್ನ ಕಂಪನದ ಎರಡು, ಮೂರು ಪಟ್ಟಿನ ಸ್ವರಗಳನ್ನೂ ಒಳಗೊಳಗೇ ಹೊರಡಿಸುತ್ತದೆ. ಸಗೆ ಮೂರು ಪಟ್ಟು 900, ಪಗೆ ಎರಡು ಪಟ್ಟು ಅದೂ 900. ಪ 449ಕ್ಕೆ ಇಳಿದಿದ್ದರೆ ಒಂದು 900, ಇನ್ನೊಂದು 898. ಎರಡೂ ಕೂಡಿ ಸೆಕೆಂಡಿಗೆ ಎರಡು ಸಲ ಏರಿಳಿಯುವ ಅಲೆಯಾಗಿ ಕೇಳಿಸುತ್ತವೆ. ಮಗು ಎರಡು ತಂತಿಗಳ ಮೇಲೆ ಒಟ್ಟಿಗೆ ಕಮಾನು ಎಳೆಯುತ್ತಾ ಬಿರಡೆಯನ್ನು ಒಳಕ್ಕೆ ಒತ್ತಿ ಎಳ್ಳಷ್ಟೇ ತಿರುಗಿಸಲಿ. ಅಲೆ ನಿಧಾನವಾಗುತ್ತಾ ಬಂದು ನಿಂತರೆ ಸ, ಪ ಕೂಡಿದವು. ಅಲೆ ಇನ್ನೂ ಜೋರಾದರೆ ತಿರುಗಿಸಿದ್ದು ತಪ್ಪು ಕಡೆಗೆ. ಚಿಕ್ಕ ಕೈಗೆ ಬಿಗಿದ ಬಿರಡೆ ತಿರುಗಿಸುವಷ್ಟು ಬಲ ಬರಲು ಒಂಬತ್ತು ಹತ್ತು ವರ್ಷವಾಗಬೇಕು. ಅಲ್ಲಿಯವರೆಗೆ ಅಪ್ಪನೋ ಅಕ್ಕನೋ ತಿರುಗಿಸಲಿ, ಅಲೆ ನಿಂತಿತು ಎಂದು ಮಗು ಹೇಳಲಿ. ಇಷ್ಟು ಬಂದ ಮೇಲೆ ಮಂಗಳವಾರ ಬಿರಡೆ ಜಾರಿದರೂ ಮುಂದಿನ ಭಾನುವಾರದ ಬಸ್ಸಿಗೆ ಕಾಯಬೇಕಾಗಿಲ್ಲ.